ರೆಕ್ಸಿನ್ ಸೋಫಾ

ಅತ್ತೆಯ ಬಗ್ಗೆ ಹೀಗೆ ಬರೆಯುವುದು ಸರಿಯೋ ತಪ್ಪೋ ತಿಳಿಯದು, ದಯವಿಟ್ಟು ಕ್ಷಮಿಸಿ.

ನಮ್ಮ ಸೋಫಾ ಅಪ್ಪಟ ಚರ್ಮದ್ದು. ಮಡಿವಂತೆಯಾದ ಅತ್ತೆ ಚರ್ಮ ಮುಟ್ಟುವವರಲ್ಲ. ಮೊಮ್ಮಕ್ಕಳ ಬೆಲ್ಟನ್ನೂ ಬಾಗಿಲ ಹೊರಗೇ ಬಿಚ್ಚಿಸುತ್ತಾರೆ. ಅದಕ್ಕೇ ನಮ್ಮ ಯಜಮಾನರು "ಇದು ರೆಕ್ಸಿನ್ ಕಣಮ್ಮ" ಎಂದುಬಿಟ್ಟರು. ಅತ್ತೆ ನಂಬಿ ಕೂತರು. ಅಂದಿನಿಂದ ದಿನಾ ಬೆಳಿಗ್ಗೆ ಸೋಪಿನ ನೀರಲ್ಲಿ ಅದನ್ನು ಉಜ್ಜುವುದೇ ಅವರ ಕೆಲಸವಾಯಿತು. ನಾನು ಕದ್ದುಮುಚ್ಚಿ ಎಷ್ಟು ಕ್ರೀಮ್ ಹಚ್ಚಿದರೂ ಚರ್ಮ ಬಿರಿಯುತ್ತಲೇ ಹೋಯಿತು.

"ಒಣ ಬಟ್ಟೇಲಿ ಒರೆಸಿದ್ರೆ ಸಾಕು ಅತ್ತೆ."

"ರೆಕ್ಸಿನ್ ತಾನೇ? ನೀರು ಬಿದ್ರೆ ಏನಾಗುತ್ತೆ?"

"ಬಿರುಕು ಬಿಟ್ಟಿದೆ, ನೋಡಿ."

"ನಿನ್ನ ಗಂಡ ಕಳಪೆ ಮಾಲು ತಂದಿದ್ದಾನೆ. ಸಾಮಾನು ತರೋದ್ರಲ್ಲಿ ಥೇಟ್ ಅವರಪ್ಪ."

ನಿನ್ನೆ ಅವರು ತುಂಬಿದ ಬಕೆಟ್ಟನ್ನೇ ಎತ್ತಿಕೊಂಡು ಬಂದಾಗ ನನಗೆ ತಡೆಯಲಾಗಲಿಲ್ಲ.

"ಅತ್ತೆ, ನಿಜ ಹೇಳ್ಬಿಡ್ತೀನಿ. ಅದು ರೆಕ್ಸಿನ್ ಅಲ್ಲ, ಅದು..."

"ಸುಮ್ನಿರೇ," ಎಂದು ಒದ್ದೆ ಕೈಯಿಂದಲೇ ನನ್ನ ಬಾಯಿ ಮುಚ್ಚಿದರು. "ತೊಳೆದೂ ತೊಳೆದೂ ಹೇಗೋ ಕೂರ್ತಿದೀನಿ. ನೀನು ಬಾಯಿಬಿಟ್ಟು ಹೇಳಿದ್ರೆ ನಾಳೆಯಿಂದ ನಂಗೆ ನೆಲವೇ ಗತಿ. ಈ ಮಂಡಿ ಇಟ್ಕೊಂಡು ಆಗುತ್ತಾ?"

ಅವರಿಗೆ ಎಂದಿನಿಂದ ಗೊತ್ತಿತ್ತೋ, ನನಗೆ ಗೊತ್ತಿಲ್ಲ.