ರಿಬ್ಬನ್ ಹೂವು

"ಆಗ ಬ್ಯಾಂಕಲ್ಲಿ ಕೂತು ನಮ್ಮ ಮನೆಗಳನ್ನ ಹರಾಜು ಹಾಕಿದ್ರಿ, ಈಗ ಬೀನ್ಸ್ ಡಬ್ಬಿ ಕೊಟ್ಟು ವೋಟು ಕೊಂಡ್ಕೊಳ್ಳೋಕೆ ಬಂದ್ರಾ ಸಾಹೇಬ್ರೇ?"

ಚರ್ಚಿನ ಹಾಲಿನಲ್ಲಿ ಪುಕ್ಕಟೆ ದಿನಸಿಗೆ ಸಾಲು ನಿಂತಿದ್ದ ಮೂವತ್ತು ಮಂದಿಯೂ ತಿರುಗಿ ನೋಡಿದರು. ಕೇಳಿದವಳು ಅಲ್ಲಿ ಚಹಾ ಕೊಡುವ ನೊರೀನ್. ನಾಲ್ಕು ವರ್ಷದ ಹಿಂದೆ ಲಂಡನ್ನಿನ ಬ್ಯಾಂಕ್ ಕೆಲಸ ಬಿಟ್ಟು ಬಂದ ಅಲಿಸ್ಟೇರನಿಗೆ ದಿನಸಿ ಹಂಚಲು ಏಪ್ರನ್ ಕೊಟ್ಟು, ಇಲ್ಲಿಗೆ ಬಂದವರನ್ನು ಯಾಕೆ ಬಂದಿರಿ ಎಂದು ಕೇಳಬಾರದು ಎಂದು ಕಲಿಸಿದವಳೂ ಅವಳೇ. ಈಗ ಅವಳ ಕಣ್ಣು ಅವನ ಎದೆಯ ಮೇಲಿತ್ತು. ಊರಿನ ಕೌನ್ಸಿಲ್ ಚುನಾವಣೆಗೆ ನಿಂತು, ಬೆಳಿಗ್ಗೆಯಿಂದ ಮನೆಮನೆಗೆ ಹೋಗಿ ವೋಟು ಕೇಳಿದ್ದ ಅಲಿಸ್ಟೇರ್, ಅಭ್ಯರ್ಥಿಗಳು ಚುಚ್ಚಿಕೊಳ್ಳುವ ಪಕ್ಷದ ರಿಬ್ಬನ್ ಹೂವನ್ನು ತೆಗೆಯದೆ ಒಳಗೆ ಬಂದುಬಿಟ್ಟಿದ್ದ. ಯಾವ ಪಕ್ಷದ ಗುರುತೂ ಆ ಬಾಗಿಲು ದಾಟಬಾರದು ಎಂಬುದು ಅಲ್ಲಿನ ಕಟ್ಟುನಿಟ್ಟಿನ ನಿಯಮ.

ಅವನು ಪಿನ್ನಿಗೆ ಕೈ ಹಾಕಿದ. ಅಷ್ಟರಲ್ಲಿ ಸಾಲಿನ ಮುಂದಿದ್ದ ಮುದುಕನೊಬ್ಬ, ಅಲಿಸ್ಟೇರ್ ಆಗಷ್ಟೇ ತುಂಬಿಕೊಟ್ಟಿದ್ದ ಚೀಲದಿಂದ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಇಡತೊಡಗಿದ. "ನಂದು ಬೇರೆ ಪಕ್ಷ, ಮಗಾ," ಎಂದ. "ಮೊದ್ಲೇ ಗೊತ್ತಾಗಿದ್ರೆ ಸಾಲಲ್ಲಿ ನಿಲ್ತಾನೇ ಇರ್ಲಿಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪು ತನ್ನದೇ ಎಂಬಂತೆ ಕ್ಷಮೆ ಕೇಳುತ್ತಿದ್ದ.

ಅಲಿಸ್ಟೇರನ ಕೈ ಪಿನ್ನನ್ನು ಬಿಟ್ಟು ಕೆಳಗಿಳಿಯಿತು. ಅವನು ಏಪ್ರನ್ನಿನ ಗಂಟು ಬಿಚ್ಚಿ, ಅದನ್ನು ಮಡಚಿ ನೊರೀನಳ ಮುಂದಿಟ್ಟು, ಬಾಗಿಲಿನತ್ತ ನಡೆದ. ಹೊಸಿಲು ದಾಟುವಾಗ, ಹಿಂದೆ ಡಬ್ಬಿಗಳು ಒಂದೊಂದಾಗಿ ಮತ್ತೆ ಚೀಲಕ್ಕೆ ಬೀಳುವ ಸದ್ದು ಕೇಳಿಸಿತು.