ದಂಡೆಯ ಮೇಲಿನ ಬಿಳಿ ಕಲ್ಲು

“ಕಲ್ಲಿಟ್ಟು ಹತ್ರೀ ಅಕ್ಕೋರ,” ಎಂದ ಮೂಕಪ್ಪ, ಹರಿಗೋಲನ್ನು ಕಾಲಲ್ಲಿ ಒತ್ತಿ ಹಿಡಿದು.

ದಾಕ್ಷಾಯಣಮ್ಮನವರಿಗೆ ನಗು ಬಂತು. ದಂಡೆಯ ಹಾಸುಬಂಡೆಯ ಮೇಲೆ ಆಗಲೇ ಒಂದು ಬಿಳಿ ಕಲ್ಲಿತ್ತು, ಧೂಳು ಹಿಡಿದದ್ದು. ಅವನ ಸಮಾಧಾನಕ್ಕೆ ಅದರ ಪಕ್ಕದಲ್ಲೊಂದು ಕರಿ ಕಲ್ಲು ಆರಿಸಿ ಇಟ್ಟರು.

“ಹೋಗೋರು ಒಬ್ಬೊಬ್ರೂ ಒಂದೊಂದು ಇಡಬೇಕ್ರಿ. ಬಂದ ಮ್ಯಾಲೆ ತಮ್ಮ ಕಲ್ಲು ತಾವು ಹೊಳಿಗೆ ಒಗೀಬೇಕು. ಒಬ್ರು ಒಂದಽ ಒಗೀಬೇಕು. ಒಗದ್ರ ಬಂದಂಗ. ಇಲ್ಲಾಂದ್ರ ಇನ್ನೂ ಆ ಕಡೀಗೇ ಅದಾರ ಅಂತ ಲೆಕ್ಕ.”

“ಹಂಗಾರ ಈ ಬಿಳೇದು ಯಾರದೋ?”

ಅವನು ಹೆಸರಿಗಷ್ಟೇ ಮೂಕಪ್ಪ. ಹುಟ್ಟು ಹಾಕುತ್ತ ಬಾಯಿ ತೆರೆದನೆಂದರೆ ನೀರಿನ ಸದ್ದೂ ಕೇಳಿಸದು. “ಕುರುಗೋಡು ಸಾಲಿ ಕೊಟ್ರಮ್ಮ ಅಕ್ಕೋರದ್ರೀ. ಆರು ವರ್ಷಾತು. ನಿಮ್ಮಂಗ ಹುಡುಗ್ರನ್ನ ಕರ್ಕಂಡು ಬರೋಕಿಂತ ಮೊದಲು ಜಾಗ ನೋಡಾಕ ಬಂದಿದ್ರು. ನೋಡಿ ವಾಪಸ್ ಬಂದ್ವಿ. ನಾನು ಹರಿಗೋಲು ಕಟ್ಟಿ ತಿರುಗಿ ನೋಡ್ತೀನಿ, ಅಕ್ಕೋರಿಲ್ಲ! ಕಲ್ಲು ಮಾತ್ರ ಇಟ್ಟಲ್ಲೇ ಐತಿ. ಸಂಜೀತನ ಹೊಳಿ ನಡುವಿನ ಗಡ್ಡಿ ಕಡೆ ನೋಡಿ ಕೂಗಿದೆ ನೋಡ್ರಿ, ಗಂಟಲು ಹರಿದು ಹೋತು.”

“ಬಸ್ಸಿಗೆ ಹೊತ್ತಾತಂತ ಓಡಿ ಹೋಗಿರಬೇಕು, ಬಿಡು.”

“ಮನಿಗೂ ಹೋಗಿಲ್ಲಂತ್ರೀ.”

ದಾಕ್ಷಾಯಣಮ್ಮನವರಿಗೆ ಇಂಥದ್ದನ್ನೆಲ್ಲ ಕೇಳುವ ಮನಸ್ಸಿರಲಿಲ್ಲ. ಬಳ್ಳಾರಿ ಕಂಟೋನ್ಮೆಂಟಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಹೊಲಿಗೆ ಕಲಿಸಿದವರು. ವರ್ಷವರ್ಷವೂ ‘ಸಮುದ್ರ ತೋರಿಸ್ತೀನಿ’ ಎಂದು ಹುಡುಗಿಯರಿಗೆ ಆಸೆ ಹುಟ್ಟಿಸಿ, ಕಡೆಗೆ ಕೈ ಚೆಲ್ಲಿದವರು. ಈ ಏಪ್ರಿಲ್ ಬಂದರೆ, ಅಂದರೆ ಎಪ್ಪತ್ನಾಲ್ಕರ ಏಪ್ರಿಲ್, ನಿವೃತ್ತಿ. ಸಮುದ್ರ ಹೋಗಲಿ, ಒಂದಿಷ್ಟು ಮರಳು, ನೀರಾದರೂ ಸಿಗಲಿ ಎಂದು, ಮೊದಲು ಜಾಗ ನೋಡಲು ಒಬ್ಬರೇ ಸಿರುಗುಪ್ಪಕ್ಕೆ ಬಂದಿದ್ದರು. ಇಲ್ಲಿನ ಅಕ್ಕಿ ಗಿರಣಿಯ ಸಾಹುಕಾರರು ಹೊಳೆ ನಡುವಿನ ಗಡ್ಡೆಯನ್ನು ಕೊಂಡು, ಚಪ್ಪರ ಹಾಕಿಸಿ, ತಮ್ಮದೇ ಹರಿಗೋಲಿಟ್ಟು ದಿನದ ವಿಹಾರಕ್ಕೆ ಬಿಡುತ್ತಿದ್ದರು. ಅವರ ಒಪ್ಪಿಗೆ ಪತ್ರ ಚೀಲದಲ್ಲಿತ್ತು. ಈ ಸಲವೂ ತಪ್ಪಿದರೆ ಆ ಮಾತು ಮಾತಾಗಿಯೇ ಉಳಿಯುತ್ತಿತ್ತು.

ಗಡ್ಡೆ ಚೆಂದವಿತ್ತು. ಬೆಳ್ಳನೆಯ ಮರಳು, ದಡದಲ್ಲಿ ಮೊಣಕಾಲುದ್ದ ನೀರು. ಇಲ್ಲಿ ಒಲೆ, ಅಲ್ಲಿ ಸೀರೆ ಕಟ್ಟಿ ಬಟ್ಟೆ ಬದಲಿಸಲು ಮರೆ, ಸಣ್ಣವರು ಈ ಗೆರೆ ದಾಟಬಾರದು ಎಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತ ಚಪ್ಪರದ ಹತ್ತಿರ ಬಂದವರು ಗಕ್ಕನೆ ನಿಂತರು. ನೆಲ ಗುಡಿಸಿತ್ತು. ಮೂರು ಕಲ್ಲಿನ ಒಲೆ ಹೂಡಿತ್ತು. ಯಾರೋ ಎರಡು ಸಾಲಾಗಿ ಮುತ್ತುಗದ ಎಲೆ ಹಾಸಿ, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದೊಂದು ಹರಳು ಇಟ್ಟಿದ್ದರು. ಎಲೆಗಳು ಈಗಷ್ಟೇ ಕಿತ್ತಂತೆ ಹಸಿರಾಗಿದ್ದವು. ಗಡ್ಡೆಯಲ್ಲಿ ಒಂದೂ ಮುತ್ತುಗದ ಗಿಡವಿರಲಿಲ್ಲ.

ಟೀಚರ್ ಕಣ್ಣು ಸುಮ್ಮನಿರದೆ ಎಲೆಗಳನ್ನು ಎಣಿಸಿತು. ಮೂವತ್ತೆರಡು. ಮೂವತ್ತೊಂದು ಹುಡುಗಿಯರು, ತಾವೊಬ್ಬರು. ಎಷ್ಟು ಜನ ಬರುತ್ತೇವೆಂದು ಅವರು ಸಾಹುಕಾರರಿಗೂ ಹೇಳಿರಲಿಲ್ಲ.

“ಇದೆಲ್ಲ ನೀನು ಮಾಡಿದ್ದೇನೋ?”

“ನಾನ್ಯಾಕ ಮಾಡ್ಲಿರೀ? ನಾನು ಚಪ್ಪರದ ಕಡೆ ಕಾಲೇ ಹಾಕಂಗಿಲ್ಲ,” ಮೂಕಪ್ಪ ದೂರದಿಂದಲೇ ಹೇಳಿದ. “ಸಾಲಿ ಹುಡುಗ್ರು ಬರ್ತಾರಂದ್ರ ಹಿಂಗಽ ಆಗತೈತಿ. ಅಕ್ಕೋರು ಕಾಯ್ತಾರ್ರೀ.”

ಹೆದರಿಕೆಯಾಯಿತು. ಕೈಯಲ್ಲಿದ್ದ ಪೆನ್ಸಿಲ್ ಮರಳಿಗೆ ಬಿತ್ತು; ಎತ್ತಿಕೊಳ್ಳಲೂ ಬಗ್ಗಲಿಲ್ಲ. ಸಾಹುಕಾರರ ಆಳುಗಳ ಕೆಲಸವಿರಬೇಕು ಎಂದು ತಮಗೆ ತಾವೇ ಹೇಳಿಕೊಂಡು ಹರಿಗೋಲು ಹತ್ತಿದರು. ಆದರೆ ಹೊಳೆಯ ನಡುವೆ ಬಂದಾಗ ಅದಕ್ಕಿಂತ ದೊಡ್ಡ ಹೆದರಿಕೆ ಹಿಡಿಯಿತು. ಈ ಕಥೆ ಹುಡುಗಿಯರ ಕಿವಿಗೆ ಬಿದ್ದರೆ? ಒಬ್ಬ ತಾಯಿಯೂ ಕಳಿಸುವುದಿಲ್ಲ. ಆ ಬಿಳಿ ಕಲ್ಲು ಅಲ್ಲಿರುವ ತನಕ ಯಾರಾದರೊಬ್ಬಳು ‘ಇದು ಯಾರದು?’ ಎಂದು ಕೇಳಿಯೇ ಕೇಳುತ್ತಾಳೆ, ಮೂಕಪ್ಪ ಹೇಳಿಯೇ ಹೇಳುತ್ತಾನೆ. ಕಲ್ಲೇ ಇಲ್ಲದಿದ್ದರೆ ಕೇಳುವವರು ಯಾರು?

ದಂಡೆಗೆ ಇಳಿದಾಗ ಮೂಕಪ್ಪ ಬೆನ್ನು ತಿರುಗಿಸಿ ಹರಿಗೋಲನ್ನು ಗೂಟಕ್ಕೆ ಕಟ್ಟುತ್ತಿದ್ದ. ದಾಕ್ಷಾಯಣಮ್ಮ ತಡಮಾಡಲಿಲ್ಲ. ಮೊದಲು ಬಿಳಿ ಕಲ್ಲನ್ನೇ ಎತ್ತಿ, ಬೀಸಿ ಹೊಳೆಗೆ ಒಗೆದರು.

ಅದು ಮುಳುಗಿದ ಕಡೆ ನೀರು ಒಮ್ಮೆ ಅಲುಗಿತು. ಆಮೇಲೆ ನೀರಿನಂಚಿನಿಂದ ಒದ್ದೆ ಹೆಜ್ಜೆಗಳು ಒಂದೊಂದಾಗಿ ಮೂಡುತ್ತ, ಅವರ ಪಕ್ಕದಲ್ಲೇ ಹಾದು, ಕುರುಗೋಡಿನ ಬಸ್ಸು ನಿಲ್ಲುವ ರಸ್ತೆಯತ್ತ ಹೋದವು. ದಾಕ್ಷಾಯಣಮ್ಮ ತಮ್ಮ ಕರಿ ಕಲ್ಲಿಗೆ ಕೈ ಹಾಕಿದರು. ಕಲ್ಲು ಮೇಲೇಳಲಿಲ್ಲ. ಎರಡೂ ಕೈ ಹಚ್ಚಿ ಎಳೆದರು. ಬಂಡೆಯಲ್ಲೇ ಹುಟ್ಟಿದ್ದೇನೋ ಎಂಬಂತೆ ಕೂತಿತ್ತು.

“ಮೂಕಪ್ಪಾ!”

ಮೂಕಪ್ಪ ತಿರುಗಿದ. ಅವರನ್ನು ದಾಟಿ ದಾರಿಯ ಉದ್ದಕ್ಕೂ ಕಣ್ಣು ಹಾಯಿಸಿದ. ಮರಳಿ ಬಂಡೆಯ ಮೇಲಿನ ಕರಿ ಕಲ್ಲನ್ನು ನೋಡಿದ. ಅವನ ಮುಖ ಬಿಳಿಚಿಕೊಂಡಿತು.

“ಇಲ್ಲೇ ಅದೀನಲ್ಲೋ, ನಿನ್ನ ಎದುರಿಗೇ!” ಎಂದು ದಾಕ್ಷಾಯಣಮ್ಮ ಅವನ ತೋಳು ಹಿಡಿದರು.

ಸೊಳ್ಳೆ ಕೂತಿತೇನೋ ಎಂಬಂತೆ ಮೂಕಪ್ಪ ಆ ತೋಳನ್ನು ಕೆರೆದುಕೊಂಡ. ಮೊಣಕಾಲುದ್ದ ನೀರಿಗೆ ಇಳಿದು, ಎರಡೂ ಕೈ ಬಾಯಿಗೆ ಹಿಡಿದು, ಗಡ್ಡೆಯ ಕಡೆ ಕೂಗತೊಡಗಿದ:

“ದಾಕ್ಷಾಯಣಮ್ಮ ಅಕ್ಕೋರಽ... ಎಲ್ಲಿ ಅದೀರೀ?”