ಸೊಂಟದ ಅಳತೆ

ಇಸ್ತ್ರಿ ಮಾಡಲೆಂದು ಅಪ್ಪನ ಪ್ಯಾಂಟನ್ನು ತಿರುವಿ ಹಾಕಿದ ಮಗಳ ಕೈ ಅಲ್ಲೇ ನಿಂತಿತು. ಸೊಂಟದ ಹಿಂಭಾಗದಲ್ಲಿ ಒಂದಲ್ಲ, ನಾಲ್ಕು ಹೊಲಿಗೆ. ಒಂದೊಂದೂ ಹಿಂದಿನದಕ್ಕಿಂತ ಒಂದು ಬೆರಳು ಒಳಗೆ. ಬೀರು ತೆಗೆದು ನೋಡಿದರೆ ಎಲ್ಲ ಪ್ಯಾಂಟುಗಳದ್ದೂ ಇದೇ ಕಥೆ.

ಅಪ್ಪ ನಲವತ್ತು ವರ್ಷ ಟೈಲರ್ ಆಗಿದ್ದವರು. ತಮ್ಮ ಮೈಮೇಲೆ ಬಟ್ಟೆ ಜೋಲಾಡುವುದನ್ನು ಸಹಿಸುವ ಆಸಾಮಿಯೇ ಅಲ್ಲ. ಹಾಗಾಗಿ ಅವರು ಕರಗುತ್ತಿದ್ದುದು ಯಾರ ಗಮನಕ್ಕೂ ಬಂದಿರಲಿಲ್ಲ. ಮಗಳ ಕಣ್ಣಿಗಾದರೂ ಬೀಳಬೇಕಿತ್ತು. ವಯಸ್ಸಾದವರು ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅಂತ ಆಸ್ಪತ್ರೆಯಲ್ಲಿ ಹೇಳಿಕೊಡುವುದೇ ಅವಳ ಕೆಲಸ. "ಈ ವಯಸ್ಸಲ್ಲಿ ಸೊರಗಬಾರದು" ಅಂತ ದಿನಾ ಹೇಳುವ ಬಾಯಲ್ಲೇ, "ನಮ್ಮಪ್ಪನ್ನ ನೋಡಿ ಕಲೀರಿ, ನಾನು ಹೇಳಿದ್ದಕ್ಕೆ ಚಾಚೂ ತಪ್ಪಲ್ಲ" ಅಂತ ಬೀಗುತ್ತಿದ್ದಳು ಬೇರೆ.

ಪ್ಯಾಂಟು ಹಿಡಿದೇ ಅಡುಗೆಮನೆಗೆ ಹೋದಳು. ಫ್ರಿಜ್ಜಿಗೆ ಅಂಟಿಸಿದ ಚೀಟಿಯ ಮುಂದೆ ನಿಂತು ಅಪ್ಪ ಅರ್ಧ ಬಟ್ಟಲು ಅನ್ನ ಅಳೆಯುತ್ತಿದ್ದರು. ಗೆರೆ ಮೀರಿದ ನಾಲ್ಕು ಅಗುಳನ್ನು ಬೆರಳಲ್ಲಿ ತೆಗೆದು ಮತ್ತೆ ಪಾತ್ರೆಗೇ ಹಾಕಿದರು.

"ಏನಪ್ಪಾ ಇದು?"

"ಲೂಸಾಗಿತ್ತು. ಒಂಚೂರು ಹಿಡಿದು ಹೊಲ್ಕೊಂಡೆ."

"ನಾಲ್ಕು ಸಲ? ನಿಂಗೆ ಹಸಿವೇ ಆಗಲ್ವಾ?"

"ಆಗತ್ತೆ ಕಣಮ್ಮ. ಆದ್ರೆ ಅಳತೆ ಕೊಟ್ಟವಳು ನೀನು. ಕೊಟ್ಟ ಅಳತೇನ ನಾನು ಯಾವತ್ತಾದ್ರೂ ತಿದ್ದಿದ್ದುಂಟಾ?"

ಅವಳು ಚೀಟಿ ನೋಡಿದಳು. ತನ್ನದೇ ಅಕ್ಷರ, ಮೂರು ವರ್ಷದ ಹಿಂದಿನ ತಾರೀಖು. ಎದೆನೋವು ಬಂದು ಆಸ್ಪತ್ರೆ ಸೇರಿದ್ದ ಅಪ್ಪ, ದೊಡ್ಡ ಹೊಟ್ಟೆ ಹೊತ್ತು ಮನೆಗೆ ಮರಳಿದ್ದ ವಾರ ಅದು. ಎಷ್ಟು ಕಡಿಮೆ ತಿನ್ನಬೇಕು ಅಂತ ಬರೆದವಳು, ಎಲ್ಲಿವರೆಗೆ ಅಂತ ಬರೆದಿರಲಿಲ್ಲ. ಆಮೇಲೆ ಅತ್ತ ತಿರುಗಿಯೂ ನೋಡಿರಲಿಲ್ಲ. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತಾ?"

"ಅವತ್ತು ಆಸ್ಪತ್ರೇಲಿ ನೀನು ಅತ್ತಿದ್ದು ನೋಡಿದ್ದೆ. ಇನ್ನೊಂದ್ಸಲ ಅಳಿಸೋದು ಬೇಡ ಅನ್ನಿಸ್ತು."

ಅವಳು ಚೀಟಿಯನ್ನು ಕಿತ್ತಳು. ಪ್ಯಾಂಟಿನ ಸೊಂಟವನ್ನೇ ಸವರುತ್ತಾ ನಿಂತಳು. ಹೊಲಿಗೆಯ ಒಳಗಡೆ ಅಂಗೈ ಅಗಲದ ಬಟ್ಟೆ ಹಾಗೇ ಉಳಿದಿತ್ತು, ಅದನ್ನು ನೀಟಾಗಿ ಮಡಿಸಿ ಸಡಿಲವಾಗಿ ಹೊಲಿದಿದ್ದರು.

"ಇಷ್ಟು ಬಟ್ಟೆ ಯಾಕೆ ಒಳಗೆ ಬಿಟ್ಟಿದ್ದೀಯ? ಕತ್ತರಿಸಬಹುದಿತ್ತಲ್ಲ."

ಅಪ್ಪ ಅರ್ಧ ತುಂಬಿದ ಬಟ್ಟಲನ್ನೇ ನೋಡುತ್ತಾ ಹೇಳಿದರು:

"ಬೆಳೆಯೋ ಮಕ್ಕಳ ಬಟ್ಟೆಗೆ ಬಿಡ್ತೀವಲ್ಲ, ಹಾಗೆ. ಒಂದಲ್ಲ ಒಂದಿನ ನೀನು, 'ಇನ್ನೊಂದು ತುತ್ತು ಹಾಕ್ಕೋಪ್ಪ' ಅಂತೀಯೇನೋ ಅಂತ."